ದಸರಾ ರಜೆಯಲ್ಲಿ ಒಂದು ವಾರ ಯೋಗ: ಬಾಲಿಗಾ, ಶ್ರೀಲಂಕಾಗಾ, ನೇಪಾಳಕ್ಕಾ?

ಗಣಿತ ಟೀಚರ್, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ನನಗೆ 53 ವರ್ಷ. ಮನೆ ವಿದ್ಯಾನಗರದಲ್ಲಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಒಂಬತ್ತು ವರ್ಷದಿಂದ ಬೆಳಗ್ಗೆ ಐದೂವರೆಗೆ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಯೋಗ ಮಾಡುತ್ತಿದ್ದೇನೆ. ಹನ್ನೆರಡು ಜನ ಹೆಂಗಸರು ಇದ್ದೇವೆ. ಆರೂವರೆ ಆಯಿತು ಅಂದರೆ ಎಲ್ಲರಿಗೂ ಅವಸರ. ಒಬ್ಬರಿಗೆ ನಲ್ಲಿ ನೀರು ಬರುವ ಹೊತ್ತು, ಇನ್ನೊಬ್ಬರಿಗೆ ಮೊಮ್ಮಗನ ಸ್ಕೂಲ್ ಬಸ್. ಶವಾಸನದಲ್ಲಿ ಕಣ್ಣು ಮುಚ್ಚಿದರೆ ಡಬ್ಬಿಗೆ ಏನು ಮಾಡಲಿ ಅನ್ನುವ ಯೋಚನೆ ಬರುತ್ತದೆ. ಒಂಬತ್ತು ವರ್ಷದಲ್ಲಿ ಒಂದು ದಿನ ಪೂರ್ತಿ ಶವಾಸನ ಮಾಡಿ ಎದ್ದ ನೆನಪು ನನಗಿಲ್ಲ.

ಇನ್ನೊಂದು ವಿಷಯ ಹೇಳಬೇಕು. ನಮ್ಮ ಅತ್ತೆಯವರು ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ನಾನೇ ನೋಡಿಕೊಂಡೆ. ಹೋದ ಫೆಬ್ರವರಿಯಲ್ಲಿ ತೀರಿಕೊಂಡರು. ನನ್ನನ್ನು ಮಗಳ ಹಾಗೆ ಕಂಡವರು ಅವರು, ಅವರ ಸೇವೆ ಮಾಡಿದ್ದಕ್ಕೆ ನನಗೆ ಸಮಾಧಾನ ಇದೆ. ಆದರೆ ಈಗಲೂ ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತದೆ. ಅವರ ಮಗ್ಗುಲು ತಿರುಗಿಸುತ್ತಿದ್ದ ಹೊತ್ತು ಅದು. ಎದ್ದು ಆ ಕೋಣೆಯ ಬಾಗಿಲವರೆಗೂ ಹೋಗಿರುತ್ತೇನೆ. ಚಿಲಕಕ್ಕೆ ಕೈ ಹಾಕಿದಾಗ ನೆನಪಾಗುತ್ತದೆ, ವಾಪಸ್ ಬಂದು ಮಲಗುತ್ತೇನೆ.

ನಮ್ಮ ಯಜಮಾನರು ಇದನ್ನು ನೋಡಿ, "ನೀನು ಎಲ್ಲಾದರೂ ದೂರ ಹೋಗಿ ಬಾ, ಮನೆ ನಾನು ನೋಡ್ಕೋತೀನಿ" ಅಂದಿದ್ದಾರೆ. ಹರಪನಹಳ್ಳಿಯಲ್ಲಿರುವ ನನ್ನ ತಂಗಿ ಜೊತೆಗೆ ಬರುತ್ತಾಳೆ. ಅವಳ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ದಿನಾ ಬಾಲಿಯ ಫೋಟೊ ಕಳಿಸಿ "ದೊಡ್ಡಮ್ಮಾ, ಇಲ್ಲಿಗೇ ಹೋಗಿ" ಅನ್ನುತ್ತಾಳೆ. ಸ್ಕೂಲಿನ ಸಹೋದ್ಯೋಗಿಯೊಬ್ಬರು ಶ್ರೀಲಂಕಾ ಹತ್ತಿರ ಅಂತಾರೆ. ನನಗೆ ಚಿಕ್ಕಂದಿನಿಂದ ಹಿಮಾಲಯ ನೋಡುವ ಆಸೆ, ಹಾಗಾಗಿ ನೇಪಾಳವೂ ತಲೆಯಲ್ಲಿದೆ.

ನಮ್ಮ ಅನುಕೂಲ ಹೀಗಿದೆ. ಅಕ್ಟೋಬರ್‌ನಲ್ಲೇ ಆಗಬೇಕು, ಬನ್ನಿ ಮುಡಿದ ಮಾರನೇ ದಿನ ಹೊರಟರೆ ಒಂಬತ್ತು ದಿನ ಸಿಗುತ್ತದೆ. ಒಬ್ಬೊಬ್ಬರಿಗೆ 90 ಸಾವಿರದ ಒಳಗೆ ಮುಗಿಯಬೇಕು. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ನನ್ನ ಬಲ ಮಂಡಿಯಲ್ಲಿ ಸವೆತ ಶುರುವಾಗಿದೆ. ವಜ್ರಾಸನ, ಪದ್ಮಾಸನ ಎರಡೂ ಬೇಡ ಅಂತ ಡಾಕ್ಟರ್ ಹೇಳಿದ್ದಾರೆ.

ಕೊನೆಯದು ಭಾಷೆ. ಇಂಗ್ಲಿಷ್ ಓದಿದರೆ, ನಿಧಾನವಾಗಿ ಮಾತಾಡಿದರೆ ಅರ್ಥವಾಗುತ್ತದೆ. ಆದರೆ ಬಗ್ಗಿ ತಲೆ ಕೆಳಗಾಗಿರುವಾಗ ಯಾರೋ ಬೇಗ ಬೇಗ ಇಂಗ್ಲಿಷಿನಲ್ಲಿ ಹೇಳಿದರೆ, ಈಗ ಉಸಿರು ತಗೋಬೇಕಾ ಬಿಡಬೇಕಾ ಅಂತ ತಿಳಿಯುವುದಿಲ್ಲ. ಯೂಟ್ಯೂಬ್ ನೋಡಿ ಮಾಡಲು ಹೋಗಿ ಒಮ್ಮೆ ಕತ್ತು ಹಿಡಿದುಕೊಂಡು ವಾರ ಒದ್ದಾಡಿದ್ದೇನೆ. ಇದಕ್ಕೇ ನನಗೆ ಭಯ ಜಾಸ್ತಿ.

ಹೋಗಿ ಬಂದವರು ದಯವಿಟ್ಟು ಹೇಳಿ.

ಎಂಸಿಸಿ ಬಿ ಬ್ಲಾಕ್

ಮೇಡಂ, ನಾನು, ನನ್ನ ಹೆಂಡತಿ 2024ರ ಸೆಪ್ಟೆಂಬರ್‌ನಲ್ಲಿ ಬಾಲಿಯ ಉಬುದ್‌ಗೆ ಹೋಗಿದ್ದೆವು. ಬೆಂಗಳೂರಿನಿಂದ ಡೆನ್‌ಪಸಾರ್‌ಗೆ ನೇರ ವಿಮಾನ, ಸುಮಾರು ಏಳು ಗಂಟೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ವೀಸಾ ಇಳಿದ ಮೇಲೆ ಏರ್‌ಪೋರ್ಟಿನಲ್ಲೇ ಕೊಟ್ಟರು, 30 ದಿನಕ್ಕೆ 5 ಲಕ್ಷ ರುಪಿಯಾ. ಲಕ್ಷ ಅಂದ ಕೂಡಲೇ ಗಾಬರಿ ಬೇಡ, ನಮ್ಮ ದುಡ್ಡಿನಲ್ಲಿ ಮೂರು ಸಾವಿರದ ಒಳಗೇ ಆಯಿತು. ಅದರ ಜೊತೆ ಪ್ರವಾಸಿಗರ ತೆರಿಗೆ ಒಂದೂವರೆ ಲಕ್ಷ ರುಪಿಯಾ ಕಟ್ಟಬೇಕು. ಅಕ್ಟೋಬರ್ ಅಂದರೆ ಅಲ್ಲಿ ಬೇಸಿಗೆ ಮುಗಿಯುವ ಕಾಲ. ಜೋರು ಮಳೆ ನವೆಂಬರ್‌ನಿಂದ ಮಾರ್ಚ್‌ವರೆಗೆ, ಹಾಗಾಗಿ ಹವಾಮಾನದ ತೊಂದರೆ ಇಲ್ಲ.

ಊರು ನಿಜಕ್ಕೂ ಚೆನ್ನಾಗಿದೆ. ಬೆಳಗ್ಗೆ ಕ್ಲಾಸಿಗೆ ನಡೆದು ಹೋಗುವಾಗ ಪ್ರತಿ ಮನೆ ಮುಂದೆ, ಅಂಗಡಿ ಮೆಟ್ಟಿಲ ಮೇಲೆ, ನಿಲ್ಲಿಸಿದ ಸ್ಕೂಟರ್ ಮೇಲೂ ಅಂಗೈ ಅಗಲದ ಗರಿಯ ಬುಟ್ಟಿ ಇಟ್ಟಿರುತ್ತಾರೆ. ಒಳಗೆ ನಾಲ್ಕು ಬಣ್ಣದ ಹೂವು, ಒಂಚೂರು ಅನ್ನ, ಮೇಲೆ ಹೊಗೆಯಾಡುವ ಊದಿನಕಡ್ಡಿ. "ಚನಾಂಗ್ ಸರಿ" ಅನ್ನುತ್ತಾರೆ. ನನ್ನ ಹೆಂಡತಿ ಮೊದಲ ದಿನ ಅದನ್ನು ತುಳಿಯಬಾರದು ಅಂತ ರಸ್ತೆ ಮಧ್ಯದಲ್ಲೇ ನಡೆದಳು.

ಊಟದ ವಿಷಯದಲ್ಲಿ ಒಂದು ಎಚ್ಚರಿಕೆ. ಸಸ್ಯಾಹಾರದ ಹೋಟೆಲ್ ಉಬುದ್‌ನಲ್ಲಿ ಬೇಕಾದಷ್ಟಿವೆ. ಆದರೆ ಸಾಮಾನ್ಯ ಹೋಟೆಲಿನಲ್ಲಿ ಕೊಡುವ ಸಂಬಲ್ ಚಟ್ನಿಯಲ್ಲಿ "ತೆರಾಸಿ" ಅಂತ ಸಿಗಡಿಯ ಪೇಸ್ಟ್ ಹಾಕಿರುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ. "ತನ್ಪಾ ತೆರಾಸಿ, ತನ್ಪಾ ತೆಲುರ್" ಅಂತ ಹೇಳಿ. ಸಿಗಡಿ ಪೇಸ್ಟ್ ಬೇಡ, ಮೊಟ್ಟೆ ಬೇಡ ಅಂತ ಅರ್ಥ.

ಭಾಷೆಗೆ ನೀವು ಹೆದರಬೇಡಿ. ನಾನು ಹೋಗಿದ್ದು ಅಷ್ಟಾಂಗ ಕ್ಲಾಸಿಗೆ, ಅಂದರೆ ಉಸಿರಿನ ಲೆಕ್ಕಕ್ಕೆ ಒಂದರ ಹಿಂದೆ ಒಂದು ಆಸನ ಮಾಡಿಸುವ ಪದ್ಧತಿ. ಬೋರ್ಡಿನಲ್ಲಿ "ಮೈಸೂರು ಸ್ಟೈಲ್" ಅಂತ ಬರೆದಿತ್ತು. ಹೇಳಿಕೊಡುವವರು ಯುರೋಪಿನ ಹೆಂಗಸು, ಆದರೆ ಎಣಿಸುವುದು ಸಂಸ್ಕೃತದಲ್ಲಿ: ಏಕಂ, ದ್ವೇ, ತ್ರೀಣಿ. ಏಕಂ ಅಂದರೆ ಉಸಿರು ಒಳಗೆ, ದ್ವೇ ಅಂದರೆ ಹೊರಗೆ. ಎರಡನೇ ದಿನಕ್ಕೆ ಭಾಷೆಯೇ ಬೇಕಾಗಲಿಲ್ಲ. ಆದರೆ ಅಷ್ಟಾಂಗದಲ್ಲಿ ಪದ್ಮಾಸನ, ಅರ್ಧ ಪದ್ಮಾಸನ ಮತ್ತೆ ಮತ್ತೆ ಬರುತ್ತವೆ, ನಿಮ್ಮ ಮಂಡಿಗೆ ಅದು ಬೇಡವೇ ಬೇಡ.

ಇನ್ನೊಂದು ಬೇಜಾರಿನ ಸಂಗತಿ. ನನ್ನ ಹೆಂಡತಿ ಸೇರಿದ್ದು ಬೇರೆ ಕಡೆ. ರಿಟ್ರೀಟ್ ಅಂತ ಹೆಸರು, ದುಡ್ಡು ಮುಂಗಡ ಕಟ್ಟಿದ್ದೆವು. ಒಂದು ಹಾಲಿನಲ್ಲಿ 34 ಜನ. ಅವಳ ಭುಜ ಎಳೆದಿದೆ ಅಂತ ಫಾರಂನಲ್ಲಿ ಬರೆದುಕೊಟ್ಟಿದ್ದಳು, ಐದು ದಿನದಲ್ಲಿ ಒಬ್ಬರೂ ಅದನ್ನು ಓದಿದ ಹಾಗೆ ಕಾಣಲಿಲ್ಲ. ದುಡ್ಡು ಕಟ್ಟುವ ಮುಂಚೆ ಒಂದು ಕ್ಲಾಸಿಗೆ ಎಷ್ಟು ಜನ ಅಂತ ಕೇಳಲೇಬೇಕು ಮೇಡಂ.

ರಾಣೆಬೆನ್ನೂರು ಸೊಸೆ

ಶ್ರೀಲಂಕಾ ಅಕ್ಟೋಬರ್‌ಗೆ ಬೇಡ ಅಕ್ಕಾ. ಅದು ಎರಡು ಮಾನ್ಸೂನ್ ನಡುವಿನ ತಿಂಗಳು, ದ್ವೀಪದ ಹೆಚ್ಚಿನ ಕಡೆ ಮಧ್ಯಾಹ್ನದ ಮೇಲೆ ಗುಡುಗು ಮಳೆ. ದಕ್ಷಿಣದ ಕಡಲ ತೀರಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆ ಕಾಲ. ವಿಮಾನ ಒಂದೂವರೆ ಗಂಟೆ ಅಷ್ಟೆ, ಆಯುರ್ವೇದ ಮತ್ತು ಯೋಗ ಎರಡೂ ಒಟ್ಟಿಗೆ ಇರುವ ಜಾಗಗಳು ಚೆನ್ನಾಗಿವೆ, ಅದು ನಿಜ. ಆದರೆ ಅಲ್ಲಿಯೂ ತೆಂಗಿನಕಾಯಿ ಸಂಬೋಲದಲ್ಲಿ ಒಣಮೀನಿನ ಪುಡಿ ಹಾಕುತ್ತಾರೆ, ಕೇಳಿ ತಿನ್ನಬೇಕು.

ಕೋಟೆ ಕೆಳಗಿನವರು, ಚಿತ್ರದುರ್ಗ

ಟೀಚರಮ್ಮ, ನನಗೆ ಎಪ್ಪತ್ತೊಂದು ವರ್ಷ. ನಿಮ್ಮ ಪತ್ರ ಓದಿ ಮನಸ್ಸು ತುಂಬಿ ಬಂತು. ಹಿರಿಯನಾಗಿ ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಮೇಲಿನ ತಮ್ಮ ಬಾಲಿಯಲ್ಲಿ ಕಂಡ ಆ "ಮೈಸೂರು ಸ್ಟೈಲ್" ಇದೆಯಲ್ಲ, ಅದರ ಬೇರು ನಮ್ಮ ಮಣ್ಣಿನಲ್ಲೇ ಇದೆ. ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ನಮ್ಮ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಗೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಮಾಡಿಕೊಟ್ಟರು. ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸರು, ಕೋಲಾರ ಜಿಲ್ಲೆ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಇಬ್ಬರೂ ಅವರ ಶಿಷ್ಯರು. ಅಷ್ಟಾಂಗ ಕ್ಲಾಸು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅದು ಜೋಯಿಸರ ದಾರಿ.

ನಿಮ್ಮ ಮಂಡಿಗೆ ಬೇಕಾದದ್ದು ಅಯ್ಯಂಗಾರರ ದಾರಿ ಅಂತ ನನಗನಿಸುತ್ತದೆ. ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದು ಬಿದ್ದು ಸೊರಗಿದ್ದ ದೇಹ ಅವರದು. ನೋವಿರುವವರಿಗೆ ಆಸನ ಹೇಗೆ ಅಂತ ಅವರು ಯೋಚಿಸಿದಷ್ಟು ಬೇರೆಯವರು ಯೋಚಿಸಿದ್ದು ಕಡಿಮೆ. ಕುರ್ಚಿ, ಬೆಲ್ಟು, ಮರದ ಇಟ್ಟಿಗೆ, ಮಡಚಿದ ಕಂಬಳಿ ಇವನ್ನೆಲ್ಲ ಆಸರೆಗೆ ಕೊಟ್ಟು ಕಲಿಸುತ್ತಾರೆ. ಯಾವ ದೇಶಕ್ಕೇ ಹೋಗಿ, "ಕುರ್ಚಿ, ಕಂಬಳಿ ಇಟ್ಟುಕೊಂಡು ಕಲಿಸುತ್ತೀರಾ?" ಅಂತ ಕೇಳಿ.

ಆದರೆ ನನ್ನ ಮನಸ್ಸಿನ ಮಾತು, ಇಷ್ಟು ದೂರ ಯಾಕೆ? ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ ನಿಮಗೆ ಹತ್ತಿರ. "ತಿರುಕ" ಅಂತ ಹೆಸರಿಟ್ಟುಕೊಂಡು, ಊರೂರು ಬೇಡಿ ತಂದ ದುಡ್ಡಿನಲ್ಲಿ ಆಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ಅಲ್ಲಿ ಯೋಗ ಕಲಿಸಿದರು. ನಮ್ಮ ಅಣ್ಣ ಅಲ್ಲಿನ ಶಿಬಿರದಲ್ಲಿ ಕಲಿತು ಬಂದು, ಮನೆಯ ಅಟ್ಟದ ಮೇಲೆ ನಮಗೆಲ್ಲ ಸೂರ್ಯನಮಸ್ಕಾರ ಹೇಳಿಕೊಟ್ಟ. ಅವನು ಹೇಳಿದ ಲೆಕ್ಕದಲ್ಲೇ ನಾನು ಇವತ್ತಿಗೂ ಮಾಡುತ್ತೇನೆ. ಅಲ್ಲಿ ಬೇಡವಾದರೆ ಮೈಸೂರು ಇದೆ. ಹೊರದೇಶದವರು ತಿಂಗಳುಗಟ್ಟಲೆ ಬಂದು ಕಲಿಯುವ ಜಾಗ. ನಿಮ್ಮ ದುಡ್ಡೂ ಉಳಿಯುತ್ತದೆ, ಕನ್ನಡದಲ್ಲೇ ಕಲಿಯಬಹುದು.

ಗಣಿತ ಟೀಚರ್, ದಾವಣಗೆರೆ

ಸರ್, ನಿಮ್ಮ ಮಾತು ಸುಮ್ನೆ ತೆಗೆದುಹಾಕುವಂಥದ್ದಲ್ಲ. ಕೃಷ್ಣಮಾಚಾರ್ಯರು ನಮ್ಮ ಕಡೆಯವರು ಅಂತ ನನಗೆ ತಿಳಿದೇ ಇರಲಿಲ್ಲ. ನಾಳೆ ಪಾರ್ಕಿನಲ್ಲಿ ಎಲ್ಲರಿಗೂ ಹೇಳುತ್ತೇನೆ.

ಹತ್ತಿರ ಯಾಕೆ ಬೇಡ ಅಂತ ಕೇಳಿದಿರಿ. ಮೂರು ವರ್ಷದ ಹಿಂದೆ ಒಂದು ಸಲ ನಾದಿನಿ ಬಂದು, "ಹತ್ತು ದಿನ ಅಮ್ಮನನ್ನು ನಾನು ನೋಡ್ಕೋತೀನಿ, ನೀವು ಹೋಗಿ ಬನ್ನಿ" ಅಂದರು. ಕರಾವಳಿ ಕಡೆಯ ಪ್ರಕೃತಿ ಚಿಕಿತ್ಸೆ ಕೇಂದ್ರವೊಂದಕ್ಕೆ ಹೋದೆ. ಮೂರನೇ ದಿನ ಮನೆಯಿಂದ ಫೋನ್ ಬಂತು. ಅತ್ತೆಯವರ ಮುಲಾಮು ಯಾವ ಡಬ್ಬಿಯಲ್ಲಿದೆ ಅಂತ ಕೇಳಿದರು, ಅಷ್ಟೇ. ಯಾರೂ ಬಾ ಅನ್ನಲಿಲ್ಲ. ನಾಲ್ಕನೇ ದಿನ ರಾತ್ರಿ ನಾನೇ ಬ್ಯಾಗ್ ತುಂಬಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ದಾವಣಗೆರೆ ಬೋರ್ಡಿನ ಬಸ್ ನಿಂತಿತ್ತು. ಹತ್ತಿದೆ. ಬೆಳಗಿನ ಜಾವ ಮನೆ ಬಾಗಿಲಲ್ಲಿದ್ದೆ.

ಈಗ ಅತ್ತೆ ಇಲ್ಲ, ಕಾರಣವೂ ಇಲ್ಲ. ಆದರೂ ನಾನು ಹಾಗೇ ಎದ್ದು ಬಂದುಬಿಡುತ್ತೇನೆ ಅಂತ ನನಗೆ ಗೊತ್ತು. ಅದಕ್ಕೇ ನಮ್ಮೂರಿನ ಬಸ್ ಸಿಗದ ಕಡೆ ಒಂದು ವಾರ ಇರಬೇಕು ಅಂತ ಆಸೆ. ಮಲ್ಲಾಡಿಹಳ್ಳಿಗೆ ಬೇಸಿಗೆ ರಜೆಯಲ್ಲಿ ಖಂಡಿತ ಹೋಗುತ್ತೇನೆ ಸರ್.

ಹರಿಹರ ಹೊಳೆ ದಂಡೆ

ಅಕ್ಕಾ, ನಿಮ್ಮ ಬಸ್ಸಿನ ಮಾತು ಓದಿ ನನಗೆ ನಮ್ಮಮ್ಮ ನೆನಪಾದರು. ನೇಪಾಳದ ಬಗ್ಗೆ ಯಾರೂ ಬರೆದಿಲ್ಲ, ನಾನು ಹೇಳುತ್ತೇನೆ. ಎರಡು ವರ್ಷದ ಹಿಂದೆ ಅಕ್ಟೋಬರ್‌ನಲ್ಲೇ ನಾನು ಮತ್ತು ನಮ್ಮ ಓರಗಿತ್ತಿ ಪೊಖರಾದಲ್ಲಿ ಎಂಟು ದಿನ ಇದ್ದೆವು.

ನಮಗೆ ವೀಸಾ ಬೇಡ. ಆದರೆ ಆಧಾರ್ ಕಾರ್ಡ್ ನಂಬಿಕೊಂಡು ಹೋಗಬೇಡಿ. ವಿಮಾನದಲ್ಲಿ ಹೋಗುವುದಾದರೆ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ, ಎರಡರಲ್ಲಿ ಒಂದು ಬೇಕೇ ಬೇಕು. ನಮ್ಮ ಒಂದು ರೂಪಾಯಿಗೆ ಅಲ್ಲಿ 1 ರೂಪಾಯಿ 60 ಪೈಸೆ, ಅದು ಬದಲಾಗುವುದಿಲ್ಲ. ನೂರರ ನೋಟು ಜಾಸ್ತಿ ಇಟ್ಟುಕೊಳ್ಳಿ, ನಾವು ಹೋದಾಗ ದೊಡ್ಡ ನೋಟಿಗೆ ಅಲ್ಲಿ ತಕರಾರಿತ್ತು.

ಕಠ್ಮಂಡುವಿನಿಂದ ಪೊಖರಾಗೆ ಸುಮಾರು 200 ಕಿಲೋಮೀಟರ್. ಲೆಕ್ಕ ನೋಡಿ ನಾಲ್ಕು ಗಂಟೆ ಅಂದುಕೊಂಡು ನಾವು ಬಸ್ಸಿಗೆ ಹೋದೆವು. ರಸ್ತೆ ಕೆಲಸ ನಡೆಯುತ್ತಿತ್ತು, ಒಂಬತ್ತು ಗಂಟೆ ಹಿಡಿಯಿತು. ನಿಮ್ಮ ಮಂಡಿಗೆ ಅದು ಆಗುವುದಿಲ್ಲ. ವಿಮಾನ ಅರ್ಧ ಗಂಟೆಯೂ ಇಲ್ಲ, ನಮ್ಮವರಿಗೆ ಬೇರೆ ಹೊರದೇಶದವರಿಗಿಂತ ಕಡಿಮೆ ದರ ಇದೆ. ಹೋಗುವಾಗ ಬಲಗಡೆ ಸೀಟು ಕೇಳಿ ತಗೊಳ್ಳಿ. ಹಿಮದ ಸಾಲು ಪೂರ್ತಿ ಆ ಕಡೆಯೇ.

ಎತ್ತರಕ್ಕೆ ಹೆದರಬೇಡಿ. ಪೊಖರಾ ಸುಮಾರು 800 ಮೀಟರ್, ನಮ್ಮ ದಾವಣಗೆರೆ 600. ಉಸಿರಾಟಕ್ಕೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಅಷ್ಟು ತಗ್ಗಿನಲ್ಲಿ ನಿಂತು 6993 ಮೀಟರಿನ ಮಾಛಾಪುಛ್ರೆ ನೋಡಬಹುದು. ಮೀನಿನ ಬಾಲ ಅಂತ ಅದರ ಹೆಸರು. ಪವಿತ್ರ ಅಂತ ಅದರ ತುದಿಗೆ ಹತ್ತಲು ಬಿಡುವುದಿಲ್ಲ. ಬೆಳಗ್ಗೆ ಐದೂಮುಕ್ಕಾಲಿಗೆ ನಾವು ಚಾಪೆ ಹಾಸುವಾಗ ಅದು ಬೂದಿ ಬಣ್ಣ. ಮೊದಲ ಸುತ್ತು ಸೂರ್ಯನಮಸ್ಕಾರ ಮುಗಿಸಿ ತಲೆ ಎತ್ತಿದರೆ ತುದಿ ಮಾತ್ರ ಕೆಂಪಗೆ, ಕುಂಕುಮ ಇಟ್ಟ ಹಾಗೆ. ಹತ್ತು ಗಂಟೆ ಹೊತ್ತಿಗೆ ಮೋಡ ಬಂದು ಮುಚ್ಚಿಬಿಡುತ್ತದೆ. ಅದಕ್ಕೇ ಅಲ್ಲಿ ಬೆಳಗಿನ ಕ್ಲಾಸ್ ಯಾರೂ ತಪ್ಪಿಸುವುದಿಲ್ಲ.

ಅವರಿಗೂ ಅದೇ ಹೊತ್ತಿಗೆ ದಸರಾ, ದಶೈಂ ಅಂತಾರೆ. ಅಷ್ಟಮಿ, ನವಮಿ ದಿನ ಮನೆಮನೆಯಲ್ಲಿ ಆಡು ಬಲಿ ಇರುತ್ತದೆ. ನಾವು ಆ ದಿನವೇ ಅಲ್ಲಿದ್ದು ತುಂಬಾ ಸಂಕಟಪಟ್ಟೆವು. ನೀವು ಬನ್ನಿ ಮುಡಿದ ಮೇಲೆ ಹೊರಟರೆ ಅದು ಮುಗಿದಿರುತ್ತದೆ. ಹುಣ್ಣಿಮೆವರೆಗೂ ಹಬ್ಬ ನಡೆಯುತ್ತದೆ, ಕೆಲವು ಅಂಗಡಿ ಮುಚ್ಚಿರುತ್ತವೆ ಅಷ್ಟೇ. ಟಿಕೆಟ್ ಮಾತ್ರ ಬೇಗ ಮಾಡಿಸಿ, ಊರಿಗೆ ಹೋಗುವ ಬರುವ ಜನ ಜಾಸ್ತಿ.

ಧ್ಯಾನ ಶಿಬಿರ ಅಂತ ವಿಪಸ್ಸನಕ್ಕೆ ಗೊತ್ತಿಲ್ಲದೆ ಸೇರಬೇಡಿ. ಅದು ಒಳ್ಳೆಯದೇ, ದುಡ್ಡೂ ಕೇಳುವುದಿಲ್ಲ. ಆದರೆ ಹತ್ತು ದಿನ ಮೌನ, ಬೆಳಗಿನ ನಾಲ್ಕಕ್ಕೆ ಗಂಟೆ, ದಿನಕ್ಕೆ ಹತ್ತು ಗಂಟೆ ಕೂರಬೇಕು, ಆಸನ ಇಲ್ಲ. ನಿಮಗೆ ಈಗ ಬೇಕಾಗಿರುವುದು ಅದಲ್ಲ ಅನಿಸುತ್ತದೆ.

ಹಿಂದಿ ಅಲ್ಲಿ ಹೆಚ್ಚಿನವರಿಗೆ ಅರ್ಥವಾಗುತ್ತದೆ. "ಸಾಂಸ್ ಛೋಡೋ" (ಉಸಿರು ಬಿಡಿ) ಅಂದರೆ ನಿಮಗೆ ಗೊಂದಲ ಆಗುವುದಿಲ್ಲ ಅಲ್ವಾ? ಒಂದೇ ಒಂದು ಕೇಳಿಕೊಳ್ಳಿ ಅಕ್ಕಾ. ನೋಟ ಚೆನ್ನಾಗಿರಲಿ ಅಂತ ಅಲ್ಲಿ ಬಹಳ ಯೋಗ ಕೇಂದ್ರಗಳನ್ನು ಗುಡ್ಡದ ಮೇಲೆ ಕಟ್ಟಿದ್ದಾರೆ. ರಸ್ತೆಯಿಂದ ರೂಮಿಗೆ ಎಷ್ಟು ಮೆಟ್ಟಿಲು ಅಂತ ಕೇಳದೆ ದುಡ್ಡು ಕಟ್ಟಬೇಡಿ.

ಗಣಿತ ಟೀಚರ್, ದಾವಣಗೆರೆ

ಎಲ್ಲರಿಗೂ ವಿಷಯ ತಿಳಿಸೋಣ ಅಂತ ಬರೆಯುತ್ತಿದ್ದೇನೆ. ಎರಡು ವಾರ ಆಯಿತು.

ನೀವೆಲ್ಲ ಹೇಳಿದ ಪ್ರಶ್ನೆಗಳನ್ನು ಒಂದೇ ಹಾಳೆಯಲ್ಲಿ ಬರೆದುಕೊಂಡೆ. ಕ್ಲಾಸಿಗೆ ಎಷ್ಟು ಜನ? ಕುರ್ಚಿ, ಕಂಬಳಿ ಇದೆಯಾ? ಚಟ್ನಿಯಲ್ಲಿ ಏನು ಹಾಕುತ್ತೀರಿ? ಎಷ್ಟು ಮೆಟ್ಟಿಲು? ನನ್ನ ಮಂಡಿಯ ವಿಷಯವನ್ನೂ ಬರೆದೆ. ತಂಗಿಯ ಮಗಳು ಅದನ್ನು ಇಂಗ್ಲಿಷ್ ಮಾಡಿ ಮೂರು ಕಡೆಗೆ ಕಳಿಸಿದಳು. ಉಬುದ್‌ಗೆ ಒಂದು, ಶ್ರೀಲಂಕಾದ ವೆಲಿಗಾಮಕ್ಕೆ ಒಂದು, ಪೊಖರಾಗೆ ಒಂದು. ಮಳೆ ಅಂತ ಗೊತ್ತಿದ್ದರೂ ಶ್ರೀಲಂಕಾಗೆ ಬರೆದೆ, ಮೂರನ್ನೂ ಒಂದೇ ಅಳತೆಯಲ್ಲಿ ನೋಡಬೇಕಿತ್ತು.

ಒಂದು ಕಡೆಯಿಂದ ದರಪಟ್ಟಿ ಬಂತು. ಬುಧವಾರದ ಒಳಗೆ ಕಟ್ಟಿದರೆ ಇಷ್ಟು ಕಡಿಮೆ ಅಂತ. ಇನ್ನೊಂದು ಕಡೆಯಿಂದ ಈಜುಕೊಳದ ಹನ್ನೊಂದು ಫೋಟೊ. ನನ್ನ ಪ್ರಶ್ನೆಗೆ ಎರಡರಲ್ಲೂ ಉತ್ತರ ಇರಲಿಲ್ಲ.

ಪೊಖರಾದಿಂದ ಮೂರು ದಿನ ಏನೂ ಬರಲಿಲ್ಲ. ನಾಲ್ಕನೇ ದಿನ ವಾಟ್ಸಾಪ್‌ಗೆ ಹಿಂದಿಯಲ್ಲಿ ಧ್ವನಿ ಸಂದೇಶ. ಹೇಳಿಕೊಡುವ ಹೆಂಗಸು ತಾವೇ ಮಾತಾಡಿದ್ದರು, ವಯಸ್ಸಾದವರ ದನಿ. "ಬೆಹನ್‌ಜೀ, ರಸ್ತೆಯಿಂದ ಬಾಗಿಲಿಗೆ 62 ಮೆಟ್ಟಿಲು, ನಾನೇ ಎಣಿಸಿ ಬಂದೆ. ಮಧ್ಯದಲ್ಲಿ ಕೂರಲು ಕಟ್ಟೆ ಇದೆ. ಕೆಳಗಿನ ರೂಮು ನಿಮಗೆ ಕೊಡುತ್ತೇನೆ. ಎಂಟು ಜನಕ್ಕಿಂತ ಜಾಸ್ತಿ ತಗೊಳ್ಳುವುದಿಲ್ಲ. ಆದರೆ ಒಂದು ಹೇಳಿ, ನಿಮ್ಮ ಮಂಡಿ ಮೆಟ್ಟಿಲು ಹತ್ತುವಾಗ ನೋಯುತ್ತದಾ, ಇಳಿಯುವಾಗಲಾ?"

ಈ ಪ್ರಶ್ನೆಯನ್ನು ಇವತ್ತಿನವರೆಗೂ ನನಗೆ ಯಾರೂ ಕೇಳಿರಲಿಲ್ಲ. ನಾನೂ ಗಮನಿಸಿರಲಿಲ್ಲ. ಸ್ಕೂಲಿನಲ್ಲಿ ಹತ್ತನೇ ಕ್ಲಾಸು ಎರಡನೇ ಮಹಡಿಯಲ್ಲಿದೆ. ಮಾರನೇ ದಿನ ಬೇಕಂತಲೇ ನಿಧಾನ ಹತ್ತಿ ಇಳಿದು ನೋಡಿದೆ. ಇಳಿಯುವಾಗ. ಅದೂ ಬಲಗಾಲು ಮೇಲಿನ ಮೆಟ್ಟಿಲಲ್ಲಿ ಉಳಿದು ಎಡಗಾಲು ಕೆಳಗಿಡುವಾಗ. ಹಾಗೇ ಹೇಳಿ ಕಳಿಸಿದೆ. ಅವರು ಈಗಿನಿಂದಲೇ ದಿನಾ ಮಾಡಲು ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ಒಂದು ಅಭ್ಯಾಸ ಹೇಳಿಕೊಟ್ಟಿದ್ದಾರೆ, ಡಾಕ್ಟರಿಗೆ ಒಮ್ಮೆ ತೋರಿಸಿ ಶುರು ಮಾಡಿ ಅಂದರು. ತೋರಿಸಿದೆ, ಮಾಡಿ ಅಂದಿದ್ದಾರೆ.

ಪೊಖರಾಗೆ ಮುಂಗಡ ಕಟ್ಟಿದೆ. ಬಲಗಡೆ ಸೀಟು ಸಿಕ್ಕಿದೆ. ತಂಗಿಯ ಮಗಳಿಗೆ ಸ್ವಲ್ಪ ಬೇಸರ, ಬಾಲಿಗೆ ಮುಂದಿನ ಸಲ ಅವಳ ಜೊತೆಗೇ ಹೋಗೋಣ ಅಂತ ಹೇಳಿದ್ದೇನೆ.

ಹರಿಹರದ ತಂಗಿ, ಒಂದು ಅನುಮಾನ. ನನ್ನ ಹತ್ತಿರ ಪಾಸ್‌ಪೋರ್ಟ್ ಇದೆ, ನನ್ನ ಜೊತೆ ಬರುವ ತಂಗಿಗೆ ಇರುವುದು ವೋಟರ್ ಐಡಿ ಮಾತ್ರ. ಅದರಲ್ಲಿ ಅವಳ ಹೆಸರಿನ ಮುಂದೆ ಇನ್ನೂ ತವರಿನ ಇನಿಷಿಯಲ್ ಇದೆ, ಬ್ಯಾಂಕು, ಆಧಾರ್ ಎಲ್ಲದರಲ್ಲೂ ಗಂಡನ ಮನೆಯದು. ಟಿಕೆಟಿಗೆ ಯಾವುದು ಹಾಕಿಸಲಿ?

ಹರಿಹರ ಹೊಳೆ ದಂಡೆ

ವೋಟರ್ ಐಡಿಯಲ್ಲಿ ಹೇಗಿದೆಯೋ ಹಾಗೇ ಅಕ್ಕಾ, ಒಂದು ಅಕ್ಷರವೂ ಬದಲಾಗದ ಹಾಗೆ. ತೋರಿಸುವುದು ಅದನ್ನೇ ತಾನೇ. ಒಂದು ಸ್ವೆಟರ್ ಇಟ್ಟುಕೊಳ್ಳಿ, ಬೆಳಗಿನ ಕ್ಲಾಸಿಗೆ ಬೇಕಾಗುತ್ತದೆ.